ಸೈಂಟಿಫಿಕ್ ಕಂಪ್ಯೂಟಿಂಗ್ ಓದಲಾ, ಎಂಸಿಎ ಸೇರಲಾ? ಹೊಸನಗರದ ವಿದ್ಯಾರ್ಥಿನಿಗೆ ಉತ್ತರ

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಮ್ಯಾಥ್ಸ್ ಮತ್ತು ಕಂಪ್ಯೂಟರ್ ಸೈನ್ಸ್. ಊರು ಹೊಸನಗರ ತಾಲ್ಲೂಕು. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಎರಡು ಎಕರೆ ಅಡಿಕೆ ತೋಟ ಇದೆ, ಎಲೆಚುಕ್ಕೆ ರೋಗ ಬಂದ ಮೇಲೆ ಫಸಲು ಕಮ್ಮಿ. ಮುಂದೆ ಸೈಂಟಿಫಿಕ್ ಕಂಪ್ಯೂಟಿಂಗ್‌ನಲ್ಲಿ ಮಾಸ್ಟರ್ಸ್ ಮಾಡಬೇಕು ಅಂತ ಆಸೆ. ಜರ್ಮನಿಯಲ್ಲಿ ಈ ಹೆಸರಿನ ಕೋರ್ಸ್ ಇದೆ ಅಂತ ಸೀನಿಯರ್ ಒಬ್ಬರು ಹೇಳಿದರು. ಮಾವ ಮಾತ್ರ "ಸುಮ್ನೆ ಎಂಸಿಎ ಮಾಡು, ಇದೆಲ್ಲ ಎಐ ಬಂದ ಮೇಲೆ ಉಳಿಯಲ್ಲ" ಅನ್ನುತ್ತಾರೆ. ಅಪ್ಪಯ್ಯ ಸಾಲ ಮಾಡೋಣ ಅನ್ನುತ್ತಾರೆ, ನನಗೇ ಭಯ. ನ್ಯೂಮರಿಕಲ್ ಮೆಥಡ್ಸ್ ಪೇಪರಿನಲ್ಲಿ ನನಗೆ ಬಂದಿದ್ದು 58. ಪ್ರೋಗ್ರಾಮಿಂಗ್ ಇಷ್ಟ, ಆದರೆ ಕ್ಲಾಸಿನಲ್ಲಿ ನಾನೇನು ಮೊದಲಿನವಳಲ್ಲ. ನನ್ನಂಥವರಿಗೆ ಇದು ಆಗುತ್ತಾ? ಮನೆಯಲ್ಲಿರುವ ಹಳೇ ಲ್ಯಾಪ್‌ಟಾಪಿನಲ್ಲಿ ಏನಾದರೂ ಶುರು ಮಾಡಬಹುದಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾಲ್ಕೈದು ಪ್ರಶ್ನೆ ಕೇಳಿದ್ದೀರಿ. ಒಳಗಿರುವ ಅಳುಕು ಮಾತ್ರ ಒಂದೇ: ಅಪ್ಪಯ್ಯನ ತಲೆ ಮೇಲೆ ಸಾಲ ಹೊರಿಸಿ, ನನಗೆ ಆಗದ ವಿಷಯಕ್ಕೆ ಕೈ ಹಾಕಿಬಿಟ್ಟರೆ? ಈ ಅಳುಕು ಇರಬೇಕಾದದ್ದೇ. ಅದನ್ನು ಹೋಗಲಾಡಿಸಲು ನಾನು ಹೋಗುವುದಿಲ್ಲ. ಸಾಲದ ಮಾತು ಎತ್ತುವ ಮೊದಲು, ಖರ್ಚೇ ಇಲ್ಲದೆ ಇದನ್ನು ಪರೀಕ್ಷೆ ಮಾಡಿಕೊಳ್ಳುವ ದಾರಿ ಇದೆ. ಅದನ್ನು ಹೇಳುತ್ತೇನೆ.

ಮೊದಲು ಆ 58ರ ವಿಷಯ ಮುಗಿಸೋಣ. ನಾನು ಹದಿನೆಂಟು ವರ್ಷದಿಂದ ಇದೇ ಪೇಪರ್ ಪಾಠ ಮಾಡುತ್ತಿದ್ದೇನೆ. ಪರೀಕ್ಷೆಯಲ್ಲಿ ನಾವು ಕೇಳುವುದೇನು? ಸಮೀಕರಣದ ಉತ್ತರಕ್ಕೆ ಸುತ್ತು ಸುತ್ತಾಗಿ ಹತ್ತಿರವಾಗುವ ನ್ಯೂಟನ್-ರಾಫ್ಸನ್ ವಿಧಾನದಲ್ಲಿ ಮೂರು ಸುತ್ತು ಲೆಕ್ಕ ಹಾಕಿ, ನಾಲ್ಕು ದಶಮಾಂಶದ ತನಕ ಬರೆಯಿರಿ. ಕ್ಯಾಲ್ಕುಲೇಟರ್ ಒತ್ತುವ ಬೆರಳು ಚುರುಕಿದ್ದವರಿಗೆ 85 ಬರುತ್ತದೆ. ಆ ವಿಧಾನ ಯಾವಾಗ ಕೈ ಕೊಡುತ್ತದೆ, ಯಾಕೆ ಕೊಡುತ್ತದೆ ಅಂತ ನಾವು ಕೇಳುವುದೇ ಕಮ್ಮಿ. ಮಾಸ್ಟರ್ಸ್‌ನಲ್ಲಿ ಕೇಳುವುದು ಬಹುಪಾಲು ಅದನ್ನೇ. ಹಾಗಾಗಿ 58 ನೋಡಿ ನಿಮಗೆ ಆಗಲ್ಲ ಅನ್ನುವಂತಿಲ್ಲ, ಆಗುತ್ತೆ ಅನ್ನುವಂತೆಯೂ ಇಲ್ಲ.

ಇನ್ನು, ಸೈಂಟಿಫಿಕ್ ಕಂಪ್ಯೂಟಿಂಗ್ ಅಂದರೆ ಏನು ಅಂತ. ಹೆಸರಿನಲ್ಲಿ ಕಂಪ್ಯೂಟಿಂಗ್ ಇದೆ ಅಂತ ಬಹಳ ಜನ ಇದನ್ನು ಕಂಪ್ಯೂಟರ್ ಸೈನ್ಸಿನ ತಮ್ಮ ಅಂದುಕೊಳ್ಳುತ್ತಾರೆ. ಇದು ಹುಟ್ಟಿದ್ದು ಗಣಿತದ ಮನೆಯಲ್ಲಿ. ಮಳೆ, ಗಾಳಿ, ನೀರಿನ ಹರಿವು, ಕಬ್ಬಿಣ ಬಾಗುವುದು, ಔಷಧಿ ರಕ್ತದಲ್ಲಿ ಹರಡುವುದು, ಇವಕ್ಕೆಲ್ಲ ಸಮೀಕರಣಗಳಿವೆ. ಹೆಚ್ಚಿನವನ್ನು ಪೆನ್ನು ಹಿಡಿದು ಬಿಡಿಸಲು ಆಗುವುದಿಲ್ಲ. ಅವನ್ನು ಕಂಪ್ಯೂಟರ್ ಕೈಯಲ್ಲಿ ಅಂದಾಜು ಬಿಡಿಸುವುದು, ಆ ಅಂದಾಜು ಎಷ್ಟು ನಂಬಬಹುದು ಅಂತ ಹೇಳುವುದು, ಮತ್ತು ಉತ್ತರ ನಾಳೆಯ ಬದಲು ಇವತ್ತೇ ಬರುವ ಹಾಗೆ ಮಾಡುವುದು. ಈ ಮೂರು ಸೇರಿದರೆ ಸೈಂಟಿಫಿಕ್ ಕಂಪ್ಯೂಟಿಂಗ್.

ನಿಮ್ಮ ಊರ ಕಡೆಯದೇ ಉದಾಹರಣೆ ಕೊಡುತ್ತೇನೆ. ಹವಾಮಾನ ಮುನ್ಸೂಚನೆಯ ಮಾಡೆಲ್ ನೆಲವನ್ನು ಚೌಕಗಳಾಗಿ ಕತ್ತರಿಸಿಕೊಳ್ಳುತ್ತದೆ. ಒಂದು ಚೌಕಕ್ಕೆ ಒಂದು ಎತ್ತರ, ಒಂದು ಗಾಳಿ, ಒಂದು ಮಳೆ. ಇಡೀ ಭೂಮಿಯ ಲೆಕ್ಕ ಹಾಕುವ ನಮ್ಮ ದೇಶದ ಮಾಡೆಲ್‌ನಲ್ಲಿ ತೀರಾ ಈಚೆಗಿನ ತನಕ ಈ ಚೌಕದ ಬದಿ ಸುಮಾರು 12 ಕಿ.ಮೀ. ಇತ್ತು. ಈಗ ಆಗುಂಬೆ ಘಾಟಿ ನೆನಪಿಸಿಕೊಳ್ಳಿ. ಕೆಳಗೆ ಸೋಮೇಶ್ವರ, ಮೇಲೆ ಆಗುಂಬೆ, ನಡುವೆ ಗೋಡೆಯ ಹಾಗೆ ಎದ್ದ ಗುಡ್ಡ. ಎರಡೂ ಒಂದೇ ಚೌಕದಲ್ಲಿ ಬಿದ್ದುಬಿಟ್ಟರೆ ಮಾಡೆಲಿಗೆ ಘಾಟಿಯೇ ಕಾಣುವುದಿಲ್ಲ. ಕಡಲಿನಿಂದ ಬಂದ ಗಾಳಿ ಆ ಗೋಡೆ ಹತ್ತುವುದರಿಂದಲೇ ತಾನೇ ಅಲ್ಲಿ ಅಷ್ಟು ಮಳೆ? ಗೋಡೆಯೇ ಇಲ್ಲದಿದ್ದರೆ ಮಳೆ ಎಲ್ಲಿಂದ ಬಂತು?

2025ರ ಮೇ ತಿಂಗಳಲ್ಲಿ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಈ ಚೌಕವನ್ನು 6 ಕಿ.ಮೀ.ಗೆ ಇಳಿಸಿತು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಐಐಟಿಎಂನವರು ಮಾಡಿದ್ದು. ಕೇಳಲು ಅರ್ಧ ಅಷ್ಟೇ. ಆದರೆ ಉದ್ದ ಅರ್ಧ, ಅಗಲ ಅರ್ಧ, ಅಂದರೆ ಚೌಕಗಳು ನಾಲ್ಕು ಪಟ್ಟು. ಅಲ್ಲಿಗೆ ಮುಗಿಯಲಿಲ್ಲ. ಚೌಕ ಚಿಕ್ಕದಾದರೆ ಸಮಯದ ಹೆಜ್ಜೆಯನ್ನೂ ಚಿಕ್ಕದು ಮಾಡಬೇಕು, ಇಲ್ಲದಿದ್ದರೆ ಲೆಕ್ಕ ಹುಚ್ಚು ಹಿಡಿದಂತೆ ಎಗರಾಡುತ್ತದೆ. ಇದನ್ನು ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಎಂಬ ಮೂವರು 1928ರಲ್ಲೇ ಬರೆದಿಟ್ಟಿದ್ದಾರೆ, ಈಗಿನ ಥರದ ಕಂಪ್ಯೂಟರ್ ಹುಟ್ಟುವ ಮೊದಲೇ. ಹಾಗಾಗಿ ಮಾಮೂಲಿ ಲೆಕ್ಕದಲ್ಲಿ ಕೆಲಸ ಎಂಟು ಪಟ್ಟಾಗುತ್ತದೆ. ಈ ಎಂಟು ಪಟ್ಟು ಕೆಲಸವನ್ನು ಸಾವಿರಾರು ಪ್ರೊಸೆಸರ್‌ಗಳಿಗೆ ಹಂಚಬೇಕು. ಅವು ಒಂದಕ್ಕೊಂದು ಕಾಯುತ್ತಾ ಕೂರದ ಹಾಗೆ ಹಂಚಬೇಕು. ಅದಕ್ಕೆ ಬೇರೆ ವಿಧಾನ ಹುಡುಕಿ ಎಂಟನ್ನು ಐದಕ್ಕೆ ಇಳಿಸುವವರೂ ಇದ್ದಾರೆ. ಅವರೇ ಈ ಕೋರ್ಸ್ ಓದಿದವರು.

ಹಾಗಾದರೆ ಸಿಲಬಸ್ಸಿನಲ್ಲಿ ಏನಿರುತ್ತದೆ? ಯಾವ ಊರಿನ ಕೋರ್ಸ್ ತೆಗೆದುಕೊಂಡರೂ ನ್ಯೂಮರಿಕಲ್ ಲೀನಿಯರ್ ಆಲ್ಜೀಬ್ರಾ, ಡಿಫರೆನ್ಷಿಯಲ್ ಈಕ್ವೇಷನ್‌ಗಳು, ಆಪ್ಟಿಮೈಸೇಷನ್, ಪ್ಯಾರಲಲ್ ಪ್ರೋಗ್ರಾಮಿಂಗ್ ಇದ್ದೇ ಇರುತ್ತವೆ. ಭಾಷೆ ಸಿ++, ಪೈಥಾನ್, ಕೆಲವು ಕಡೆ ಇನ್ನೂ ಫೋರ್‌ಟ್ರಾನ್. ಕೆಲಸವೆಲ್ಲ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಮೇಲೆ. ನಮ್ಮ ಹುಡುಗರು ಮೊದಲ ಸೆಮಿಸ್ಟರ್‌ನಲ್ಲಿ ಎಡವುವುದು ಪ್ರೋಗ್ರಾಮಿಂಗಿನಲ್ಲಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ನೋಡಿದ ಮಟ್ಟಿಗೆ ಅವರು ಎಡವುವುದು ಲೀನಿಯರ್ ಆಲ್ಜೀಬ್ರಾದಲ್ಲಿ. ಮ್ಯಾಟ್ರಿಕ್ಸ್ ಇನ್ವರ್ಸ್ ತೆಗೆಯಲು ಬರುತ್ತದೆ, ಮ್ಯಾಟ್ರಿಕ್ಸ್ ಅಂದರೆ ಏನು ಅಂತ ಗೊತ್ತಿರುವುದಿಲ್ಲ. ತಮಾಷೆ ಅಂದರೆ, ಮೊದಲ ವಾರದಲ್ಲೇ ಮೇಷ್ಟ್ರು ಇನ್ವರ್ಸ್ ತೆಗೆಯಲೇಬೇಡಿ ಅನ್ನುತ್ತಾರೆ.

ಈಗ ನಾನು ಹೇಳಿದ ಪರೀಕ್ಷೆ. ಇದಕ್ಕೆ ಪೈಥಾನ್ ಸಾಕು, ಹತ್ತು ಸಾಲಿನ ಪ್ರೋಗ್ರಾಮ್.

1ರಿಂದ 1/ಇ ಕಳೆಯಿರಿ. ಇ ಅಂದರೆ ನಿಮಗೆ ಗೊತ್ತಿರುವ 2.71828 ಚಿಲ್ಲರೆ. ಸುಮಾರು 0.632 ಬರುತ್ತದೆ. ಇದು ಸೊನ್ನೆಯನೇ ಸಂಖ್ಯೆ. ಮುಂದಿನದಕ್ಕೆ ನಿಯಮ ಇಷ್ಟೇ: ಹಿಂದಿನ ಸಂಖ್ಯೆಯನ್ನು ಈಗಿನ ಕ್ರಮಸಂಖ್ಯೆಯಿಂದ ಗುಣಿಸಿ, 1ರಿಂದ ಕಳೆಯಿರಿ. ಒಂದನೆಯದು 0.368, ಎರಡನೆಯದು 0.264, ಮೂರನೆಯದು 0.207. ಹೀಗೇ ಇಳಿಯುತ್ತಾ ಹೋಗಬೇಕು. ಗಣಿತದ ಪ್ರಕಾರ ಇವು ಯಾವತ್ತೂ ಸೊನ್ನೆಗಿಂತ ಕೆಳಗೆ ಹೋಗಲು ಸಾಧ್ಯವೇ ಇಲ್ಲ. ಯಾಕೆಂದರೆ ಇವು ಸೊನ್ನೆಯಿಂದ ಒಂದರವರೆಗಿನ ಒಂದು ಇಂಟಿಗ್ರಲ್‌ನ ಬೆಲೆಗಳು, ಆ ಇಂಟಿಗ್ರಲ್ ಒಳಗಿರುವುದೆಲ್ಲ ಧನ.

ಕಂಪ್ಯೂಟರಿಗೆ 25ರ ತನಕ ಮಾಡಲು ಹೇಳಿ. ಹದಿನೈದರ ತನಕ ಎಲ್ಲ ಚೆನ್ನಾಗಿ ಕಾಣುತ್ತದೆ. ಇಪ್ಪತ್ತರ ಆಸುಪಾಸಿಗೆ ಬಂದಾಗ ಉತ್ತರ ಕೆಟ್ಟು ಹೋಗಿರುತ್ತದೆ. ಒಂದು ಸಲ ದೊಡ್ಡ ಋಣ, ಮುಂದಿನ ಸಲ ಅದಕ್ಕಿಂತ ದೊಡ್ಡ ಧನ. ಪ್ರೋಗ್ರಾಮಿನಲ್ಲಿ ತಪ್ಪಿಲ್ಲ. ಸೂತ್ರದಲ್ಲೂ ತಪ್ಪಿಲ್ಲ. ಎರರ್ ಮೆಸೇಜೂ ಇಲ್ಲ.

ಯಾಕೆ ಹೀಗೆ? ಕಂಪ್ಯೂಟರ್ ಒಂದು ಸಂಖ್ಯೆಯನ್ನು ಸುಮಾರು 16 ಅಂಕಿಗಳಷ್ಟು ಮಾತ್ರ ನೆನಪಿಟ್ಟುಕೊಳ್ಳುತ್ತದೆ. ಆರಂಭದ ಆ 0.632 ಚಿಲ್ಲರೆಯ ಬಾಲದಲ್ಲಿ ಎಲ್ಲೋ ಒಂದು ಕೂದಲೆಳೆಯ ತಪ್ಪು ಉಳಿಯಿತು. ಆ ತಪ್ಪನ್ನು ನೀವು 1ರಿಂದ, 2ರಿಂದ, 3ರಿಂದ, ಹೀಗೆ 20ರ ತನಕ ಗುಣಿಸುತ್ತಾ ಬಂದಿರಿ. ಆ ಗುಣಲಬ್ಧವೇ 19 ಅಂಕಿಯ ಸಂಖ್ಯೆ. ಕೂದಲೆಳೆ ತೊಲೆಯಾಯಿತು.

ಇನ್ನೂ ಸೊಗಸಾದದ್ದು ಮುಂದಿದೆ. ಇದೇ ಸೂತ್ರವನ್ನು ತಿರುಗಿಸಿ. 30ನೆಯ ಸಂಖ್ಯೆ ಎಷ್ಟು ಅಂತ ನಿಮಗೆ ಗೊತ್ತಿಲ್ಲ, ಸೊನ್ನೆ ಅಂತ ಸುಳ್ಳು ಹೇಳಿಬಿಡಿ. ಅಲ್ಲಿಂದ ಹಿಂದಕ್ಕೆ ಬನ್ನಿ: 1ರಿಂದ ಆ ಸಂಖ್ಯೆ ಕಳೆದು, ಅದರ ಕ್ರಮಸಂಖ್ಯೆಯಿಂದ ಭಾಗಿಸಿ. 20ನೆಯದು ತಲುಪುವಾಗ ಉತ್ತರ ಹೆಚ್ಚುಕಮ್ಮಿ ಕಂಪ್ಯೂಟರಿಗೆ ಸಾಧ್ಯವಿರುವಷ್ಟೂ ಸರಿ ಇರುತ್ತದೆ. ಈಗ ಪ್ರತಿ ಹೆಜ್ಜೆಯಲ್ಲೂ ತಪ್ಪು ಭಾಗವಾಗುತ್ತಾ ಕರಗುತ್ತಿದೆ. ನಿಜ ಹೇಳಿ ಶುರು ಮಾಡಿದರೆ ಸುಳ್ಳು ಉತ್ತರ, ಸುಳ್ಳು ಹೇಳಿ ಶುರು ಮಾಡಿದರೆ ನಿಜವಾದ ಉತ್ತರ!

ಇದನ್ನು ನೀವೇ ಮಾಡಿ ನೋಡಿ. ಮಾಡಿದ ಮೇಲೆ ನಿಮಗೆ ಏನನ್ನಿಸಿತು ಅನ್ನುವುದು ಮುಖ್ಯ. "ಹೌದಾ, ಸರಿ" ಅಂತ ಲ್ಯಾಪ್‌ಟಾಪ್ ಮುಚ್ಚಿದರೆ ಎಂಸಿಎ ನಿಮಗೆ ಒಳ್ಳೆಯ ಆಯ್ಕೆ, ಅದರಲ್ಲಿ ಅವಮಾನ ಏನೂ ಇಲ್ಲ. ರಾತ್ರಿ ಊಟದ ಹೊತ್ತಿಗೂ ಅದೇ ತಲೆಯಲ್ಲಿ ಸುತ್ತುತ್ತಿದ್ದರೆ, ಬೇರೆ ಯಾವ ಸೂತ್ರ ಹೀಗೆ ಮೋಸ ಮಾಡುತ್ತದೆ ಅಂತ ಹುಡುಕಲು ಹೊರಟರೆ, ನಿಮ್ಮ 58 ಅಂಕವನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇದು ಬರೀ ಆಟವಲ್ಲ. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಎದುರಿನಿಂದ ಬಂದ ಸ್ಕಡ್ ಕ್ಷಿಪಣಿಯನ್ನು ತಡೆಯಲಿಲ್ಲ. 28 ಸೈನಿಕರು ಸತ್ತರು. ಅದರ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಎಣಿಸುತ್ತಿತ್ತು. ನಮಗೆ 0.1 ಅಂದರೆ ಸಲೀಸು, ಸೊನ್ನೆ, ಒಂದು ಎರಡೇ ಅಂಕಿ ಬಳಸುವ ಕಂಪ್ಯೂಟರಿನ ಪದ್ಧತಿಯಲ್ಲಿ ಅದನ್ನು ಪೂರ್ತಿ ಬರೆಯಲು ಆಗುವುದಿಲ್ಲ. ಬಾಲ ಕತ್ತರಿಸಲೇಬೇಕು. ಯಂತ್ರವನ್ನು ಸುಮಾರು 100 ಗಂಟೆ ನಿಲ್ಲಿಸದೆ ಓಡಿಸಿದ್ದರು, ಗಡಿಯಾರ ಸುಮಾರು 0.34 ಸೆಕೆಂಡ್ ತಪ್ಪಿತ್ತು. ಅಷ್ಟರಲ್ಲಿ ಸ್ಕಡ್ ಅರ್ಧ ಕಿ.ಮೀ.ಗಿಂತ ಹೆಚ್ಚು ದೂರ ಹೋಗಿರುತ್ತದೆ.

ನನ್ನದೂ ಒಂದು ಕಥೆ ಇದೆ, ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಮಾಸ್ಟರ್ಸ್ ಮಾಡುವಾಗ ತುಂಗಾ ನದಿಯ ಪ್ರವಾಹದ ಸಿಮ್ಯುಲೇಷನ್, ಅಂದರೆ ಕಂಪ್ಯೂಟರಿನಲ್ಲಿ ಅದರ ಅಣಕು ಲೆಕ್ಕ, ಮಾಡಿದ್ದೆ. ದೊಡ್ಡ ಯಂತ್ರದ ಸರದಿಯಲ್ಲಿ ಎರಡು ದಿನ ಕಾದು, ಮೂರು ದಿನ ಓಡಿಸಿದೆ. ಉತ್ತರ ನೋಡಿದರೆ ತೀರ್ಥಹಳ್ಳಿಯ ಕಮಾನು ಸೇತುವೆ ಇರಲಿ, ಪೇಟೆಯೇ ಕಾಣುತ್ತಿಲ್ಲ. ಮಳೆಯ ಅಂಕಿಗಳು ಮಿಲಿಮೀಟರಿನಲ್ಲಿದ್ದವು, ನಾನು ಸೆಂಟಿಮೀಟರ್ ಅಂತ ಓದಿಸಿದ್ದೆ. ಕಂಪ್ಯೂಟರ್ ತಕರಾರೇ ಮಾಡಲಿಲ್ಲ. ನಾನು ಹುಟ್ಟಿದ ಊರಾದ್ದರಿಂದ ನನಗೆ ತಪ್ಪು ಗೊತ್ತಾಯಿತು. ಅದೇ ಬೇರೆ ದೇಶದ ನದಿಯಾಗಿದ್ದರೆ ಅಂದವಾದ ಗ್ರಾಫ್ ಮಾಡಿ ಒಪ್ಪಿಸಿಬಿಡುತ್ತಿದ್ದೆ.

ಎಐ ಬಗ್ಗೆ ನಿಮ್ಮ ಮಾವ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಸುಲಭದ ಕೋಡ್ ಬರೆಯುವ ಕೆಲಸ ಕಮ್ಮಿಯಾಗುತ್ತಿದೆ. ಆದರೆ ಅದರ ಪೆಟ್ಟು ಅವರು ಹೇಳುವ ಎಂಸಿಎಗೆ ಇದಕ್ಕಿಂತ ಮೊದಲೇ ಬೀಳುತ್ತದೆ. ಹವಾಮಾನದಲ್ಲಿ ಎಐ ಬಂದಿದೆ ನಿಜ. 2023ರಲ್ಲಿ ಗೂಗಲ್‌ನ ಗ್ರಾಫ್‌ಕಾಸ್ಟ್ ಹತ್ತು ದಿನದ ಮುನ್ಸೂಚನೆಯನ್ನು ಒಂದು ನಿಮಿಷದೊಳಗೆ ಕೊಟ್ಟು ಎಲ್ಲರ ಹುಬ್ಬೇರಿಸಿತು. ಅದು ಕಲಿತದ್ದು ಯಾವುದರಿಂದ? ಹಳೇ ಥರದ ಭೌತಶಾಸ್ತ್ರದ ಮಾಡೆಲ್ ಮತ್ತು ಅಳತೆಗಳನ್ನು ಸೇರಿಸಿ ಕಟ್ಟಿದ ದಶಕಗಳ ದತ್ತಾಂಶದಿಂದ. ಇನ್ನು ಎಐ ಒಳಗೆ ನಡೆಯುವುದೂ ಮ್ಯಾಟ್ರಿಕ್ಸ್ ಗುಣಾಕಾರವೇ. ಈ ವಿಷಯ ಓದಿದವರು ಆ ಕಡೆಗೆ ದಾಟುವುದು ಸುಲಭ, ಬಹಳ ಜನ ದಾಟಿದ್ದಾರೆ ಕೂಡ.

ಕೆಲಸದ ಬಗ್ಗೆ ಮಾತ್ರ ನೇರವಾಗಿ ಹೇಳಬೇಕು. "ಸೈಂಟಿಫಿಕ್ ಕಂಪ್ಯೂಟಿಂಗ್ ಓದಿದವರು ಬೇಕು" ಅಂತ ಜಾಹೀರಾತು ಬರುವುದು ಅಪರೂಪ. ಸಿಮ್ಯುಲೇಷನ್ ಎಂಜಿನಿಯರ್, ಎಚ್‌ಪಿಸಿ (ಸೂಪರ್ ಕಂಪ್ಯೂಟರ್ ಮೇಲಿನ ಕೆಲಸ), ಮಾಡೆಲಿಂಗ್ ಅಂತೆಲ್ಲ ಬೇರೆ ಹೆಸರಿನಲ್ಲಿ ಹುಡುಕಬೇಕು. ಕಾರು, ವಿಮಾನ, ಚಿಪ್, ತೈಲ, ಔಷಧ, ಹವಾಮಾನ, ಈ ಕ್ಷೇತ್ರಗಳಲ್ಲಿ ಇವೆ. ಬಹುತೇಕ ಬೆಂಗಳೂರು, ಪುಣೆಯಲ್ಲಿ. ಶಿವಮೊಗ್ಗದಲ್ಲಿ ಪಾಠ ಮಾಡುವ ಕೆಲಸ ಬಿಟ್ಟರೆ ಇದಕ್ಕೆ ಜಾಗ ಕಮ್ಮಿ. ಊರ ಹತ್ತಿರವೇ ಇರಬೇಕು ಅನ್ನುವುದು ನಿಮಗೆ ಮುಖ್ಯವಾದರೆ ಈಗಲೇ ಯೋಚನೆ ಮಾಡಿ.

ದಾರಿಗಳು ಯಾವುವು ಅಂತ ನೋಡೋಣ.

ನನ್ನ ಮೊದಲ ಆಯ್ಕೆ ಜ್ಯಾಮ್, ಅಂದರೆ ಎಂ.ಎಸ್ಸಿ. ಪ್ರವೇಶಕ್ಕೆ ಐಐಟಿಗಳು ನಡೆಸುವ ಪರೀಕ್ಷೆ. ಫೆಬ್ರವರಿಯಲ್ಲಿ ನಡೆಯುತ್ತದೆ, ಅದರ ಹಿಂದಿನ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಅರ್ಜಿ ಹಾಕಬೇಕು. ಇದರಲ್ಲಿ ಪಾಸಾದರೆ ಐಐಟಿಗಳಲ್ಲಿ ಎಂ.ಎಸ್ಸಿ. ಮ್ಯಾಥ್ಸ್ ಸೇರಬಹುದು. ಗುವಾಹಟಿ ಐಐಟಿಯಲ್ಲಂತೂ ಮ್ಯಾಥಮೆಟಿಕ್ಸ್ ಅಂಡ್ ಕಂಪ್ಯೂಟಿಂಗ್ ಅಂತಲೇ ಇದೆ. ಅಪಾಯ ಅಂದರೆ ಪೈಪೋಟಿ. ಜ್ಯಾಮ್ ಪ್ರಶ್ನೆಗಳು ನಮ್ಮ ಡಿಗ್ರಿ ಪರೀಕ್ಷೆಯ ಥರ ಇರುವುದಿಲ್ಲ, ಒಂದು ವರ್ಷದ ತಯಾರಿ ಬೇಕು. ಈ ಸಲ ತಪ್ಪಿದರೆ ಅದಕ್ಕಾಗಿ ಮನೆಯಲ್ಲಿ ಕೂರಬೇಡಿ.

ಅದು ಸಿಗದಿದ್ದರೆ ಶಂಕರಘಟ್ಟ ಇದ್ದೇ ಇದೆಯಲ್ಲ. ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮ್ಯಾಥ್ಸ್ ಮಾಡಿ, ಜೊತೆಗೇ ಎಂ.ಟೆಕ್. ಪ್ರವೇಶ ಪರೀಕ್ಷೆಯಾದ ಗೇಟ್‌ಗೆ ಓದಿ. ಊಟ, ಹಾಸ್ಟೆಲ್ಲು ಮನೆಯವರಿಗೆ ಭಾರವಾಗುವುದಿಲ್ಲ. ಆಮೇಲೆ ಗೇಟ್ ಸ್ಕೋರ್ ಹಿಡಿದು ಎಂ.ಟೆಕ್. ಬರೀ ಬಿ.ಎಸ್ಸಿ. ಇಟ್ಟುಕೊಂಡು ಎಂ.ಟೆಕ್. ಸೇರಲು ಸಾಮಾನ್ಯವಾಗಿ ಆಗುವುದಿಲ್ಲ, ಇದು ಬಹಳ ಮಕ್ಕಳಿಗೆ ತಡವಾಗಿ ಗೊತ್ತಾಗುತ್ತದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಕಂಪ್ಯೂಟೇಷನಲ್ ಅಂಡ್ ಡೇಟಾ ಸೈನ್ಸಸ್ ಅಂತ ವಿಭಾಗವೇ ಇದೆ, ನೀವು ಕನಸು ಕಾಣುತ್ತಿರುವ ವಿಷಯ ಅದೇ. ಯಾವ ಡಿಗ್ರಿ, ಯಾವ ಗೇಟ್ ಪೇಪರ್ ಒಪ್ಪುತ್ತಾರೆ ಅನ್ನುವುದನ್ನು ಆ ವರ್ಷದ ಪ್ರಕಟಣೆಯಲ್ಲೇ ನೋಡಿ, ಯಾರೋ ಹೇಳಿದ್ದನ್ನು ನಂಬಬೇಡಿ. ಗೇಟ್ ಮೂಲಕ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಇದೆ. ಈ ದಾರಿಯ ದೋಷ ಒಂದೇ: ನಾಲ್ಕು ವರ್ಷ. ಅಷ್ಟರಲ್ಲಿ ನಿಮ್ಮ ಜೊತೆಯವರು ಸಂಬಳ ತರುತ್ತಿರುತ್ತಾರೆ, ಮದುವೆ ಮನೆಗಳಲ್ಲಿ "ಇನ್ನೂ ಓದುತ್ತಿದ್ದೀಯಾ?" ಅಂತ ಕೇಳಿಸಿಕೊಳ್ಳಬೇಕು.

ಜರ್ಮನಿ. ನಿಮ್ಮ ಸೀನಿಯರ್ ಹೇಳಿದ್ದು ಸರಿ, ಹೈಡೆಲ್‌ಬರ್ಗ್‌ನಲ್ಲಿ, ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸೈಂಟಿಫಿಕ್ ಕಂಪ್ಯೂಟಿಂಗ್ ಹೆಸರಿನದೇ ಮಾಸ್ಟರ್ಸ್ ಇದೆ. ಓದು ಚೆನ್ನಾಗಿರುತ್ತದೆ. ಆದರೆ "ಜರ್ಮನಿಯಲ್ಲಿ ಓದು ಫ್ರೀ" ಅನ್ನುವುದು ಪೂರ್ತಿ ನಿಜವಲ್ಲ. ಹೈಡೆಲ್‌ಬರ್ಗ್ ಇರುವ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಫೀಸು. ವೀಸಾಕ್ಕೆ ಮೊದಲೇ ಒಂದು ವರ್ಷದ ಖರ್ಚು 11,904 ಯೂರೋ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಖಾತೆಯಲ್ಲಿ, ತೋರಿಸಬೇಕು. ಯೂರೋಗೆ 100 ರೂಪಾಯಿ ಹಿಡಿದರೂ ಅದೇ ಸುಮಾರು 12 ಲಕ್ಷ. ನಿಮ್ಮ ಅಂಕಪಟ್ಟಿ, ದಾಖಲೆ ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಬೇರೆ ಬೇಕು. ಜೊತೆಗೆ ನಿಮ್ಮದು ಮೂರು ವರ್ಷದ ಡಿಗ್ರಿ. ಕೆಲವು ಕಡೆ ಅದನ್ನು ಸಾಲದು ಅನ್ನುತ್ತಾರೆ, ಅರ್ಜಿ ಫೀಸು ಕಟ್ಟುವ ಮೊದಲೇ ಮೇಲ್ ಮಾಡಿ ಕೇಳಿ.

ಸಾಲದ ಲೆಕ್ಕ ಕಾಗದದ ಮೇಲೆ ಹಾಕೋಣ. 20 ಲಕ್ಷ, ಬಡ್ಡಿ ನೂರಕ್ಕೆ ಹತ್ತು ಅಂತಿಟ್ಟುಕೊಳ್ಳಿ. ಓದುವ ಎರಡು ವರ್ಷ ಮತ್ತು ಆಮೇಲಿನ ಒಂದು ವರ್ಷ ಕಂತು ಕೇಳುವುದಿಲ್ಲ, ಬಡ್ಡಿ ಮಾತ್ರ ಬೆಳೆಯುತ್ತಿರುತ್ತದೆ. ಮೂರು ವರ್ಷಕ್ಕೆ ಸರಳ ಬಡ್ಡಿಯೇ 6 ಲಕ್ಷ. 26 ಲಕ್ಷವನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ 34,000 ರೂಪಾಯಿ ಮೇಲೆ. ಜರ್ಮನಿಯಲ್ಲೇ ಕೆಲಸ ಸಿಕ್ಕರೆ ಕಟ್ಟಬಹುದು. ಸಿಗದೆ ವಾಪಸ್ ಬಂದರೆ ಬೆಂಗಳೂರಿನ ಮೊದಲ ಸಂಬಳದಲ್ಲಿ ಬಹುಪಾಲು ಇದಕ್ಕೇ ಹೋಗುತ್ತದೆ.

ಇನ್ನೊಂದು ಮಾತು, ಇದು ನಮ್ಮ ಕಡೆಯವರಿಗೆ ಮಾತ್ರ ಅರ್ಥವಾಗುವಂಥದ್ದು. ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಅಡವು ಕೇಳುತ್ತವೆ. ಕೃಷಿ ಜಮೀನು ಬೇಡ, ಸೈಟು ಅಥವಾ ಮನೆ ತನ್ನಿ ಅನ್ನುವ ಬ್ಯಾಂಕುಗಳೇ ಜಾಸ್ತಿ. ಅದರಲ್ಲೂ ತೋಟ ಬಗರ್ ಹುಕುಂ ಆಗಿದ್ದರೆ, ಅಥವಾ ಶರಾವತಿ ಮುಳುಗಡೆಯಲ್ಲಿ ಬಂದ ಜಾಗಕ್ಕೆ ಇನ್ನೂ ಸರಿಯಾದ ಪಹಣಿ ಆಗಿಲ್ಲದಿದ್ದರೆ, ಮಾತುಕತೆ ಅಲ್ಲಿಗೇ ನಿಲ್ಲುತ್ತದೆ. ಆಗ ಕೈಸಾಲ, ಮಂಡಿ ಸಾಲದ ಕಡೆ ಅಪ್ಪಯ್ಯ ಹೋಗದ ಹಾಗೆ ನೋಡಿಕೊಳ್ಳಿ. ಮುಂದಿನ ಫಸಲು ತೋರಿಸಿ ತಂದ ಸಾಲದಲ್ಲಿ ಯಾರೂ ಓದಬಾರದು. ಈ ಒಂದು ವಿಷಯದಲ್ಲಿ ನಾನು ಹಟಮಾರಿ. ನನ್ನ ಅಭಿಪ್ರಾಯ ಕೇಳಿದರೆ, ಜರ್ಮನಿಯನ್ನು ಎಂ.ಎಸ್ಸಿ. ಆದ ಮೇಲೆ ಪಿಎಚ್.ಡಿ.ಗೆ ಇಟ್ಟುಕೊಳ್ಳಿ. ಅಲ್ಲಿ ಪಿಎಚ್.ಡಿ. ಮಾಡುವವರಲ್ಲಿ ಬಹಳ ಜನಕ್ಕೆ ಸಂಬಳ ಕೊಡುತ್ತಾರೆ.

ಎಂಸಿಎ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ಸೇರಬಹುದು, ಎರಡು ವರ್ಷ, ಬೇಗ ಕೆಲಸದ ಸಾಧ್ಯತೆ. ಮನೆಯಲ್ಲಿ ಈಗಲೇ ದುಡ್ಡು ಬೇಕಾಗಿದ್ದರೆ ಅದೇ ಸರಿ. ಆದರೆ ಎಂಸಿಎ ಮುಗಿಸಿ ಆಮೇಲೆ ಈ ಕಡೆ ತಿರುಗುವುದು ಕಷ್ಟ, ಗಣಿತ ಕೈ ತಪ್ಪಿರುತ್ತದೆ. ಗಣಿತ ಓದಿ ಸಾಫ್ಟ್‌ವೇರ್ ಕಡೆ ಹೋಗುವುದು ಅದಕ್ಕಿಂತ ಸುಲಭ.

ಕನ್ನಡ ಮೀಡಿಯಂ ಅಂತ ಬರೆದಿದ್ದೀರಿ. ನಾನೂ ಅಷ್ಟೇ. ಮೊದಲ ಎರಡು ತಿಂಗಳು ತರಗತಿಯಲ್ಲಿ ಬಾಯಿ ಬಿಡಲು ಆಗಲಿಲ್ಲ. ಈ ವಿಷಯದಲ್ಲಿ ಬೇಕಾಗುವ ಇಂಗ್ಲಿಷ್ ಪದಗಳು ಹೆಚ್ಚೆಂದರೆ ಕೆಲವು ನೂರು, ಉಳಿದದ್ದೆಲ್ಲ ಚಿಹ್ನೆಗಳು. ಅದು ತಾನಾಗಿ ಬರುತ್ತದೆ.

ಕೊನೆಗೆ ಲ್ಯಾಪ್‌ಟಾಪ್. 4 ಜಿಬಿ ರ್‍ಯಾಮ್ ಇದ್ದರೂ ಸಾಕು. ಹಗುರವಾದ ಯಾವುದಾದರೂ ಲಿನಕ್ಸ್ ಹಾಕಿ, ಪೈಥಾನ್ ಮತ್ತು ಸಿ++ ಕಂಪೈಲರ್ ಅದರಲ್ಲಿ ಪುಕ್ಕಟೆ. ಐಐಟಿ ಮೇಷ್ಟ್ರುಗಳ ಪಾಠದ ವಿಡಿಯೋಗಳಿರುವ ಎನ್‌ಪಿಟಿಇಎಲ್‌ ಜಾಲತಾಣದಲ್ಲಿ ಲೀನಿಯರ್ ಆಲ್ಜೀಬ್ರಾ, ನ್ಯೂಮರಿಕಲ್ ಮೆಥಡ್ಸ್ ಪಾಠಗಳಿವೆ, ದುಡ್ಡು ಕೊಡಬೇಕಾಗಿಲ್ಲ. ಊರಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಶಿವಮೊಗ್ಗದಲ್ಲಿದ್ದಾಗಲೇ ವಿಡಿಯೋ ಇಳಿಸಿಕೊಂಡು ಹೋಗಿ. ಮೇಲಿನ ಪರೀಕ್ಷೆ ಆದ ಮೇಲೆ ಒಂದು ಕಬ್ಬಿಣದ ಸರಳಿನಲ್ಲಿ ಬಿಸಿ ಹರಡುವುದನ್ನು ಬಿಡಿಸುವ ಪ್ರೋಗ್ರಾಮ್ ಬರೆಯಿರಿ. ಸಮಯದ ಹೆಜ್ಜೆ ದೊಡ್ಡದು ಮಾಡುತ್ತಾ ಹೋಗಿ, ಎಲ್ಲಿ ಹುಚ್ಚು ಹಿಡಿಯುತ್ತದೆ ನೋಡಿ. ಆಮೇಲೆ ಸರಳಿನ ಬದಲು ತಗಡು. ಮಳೆಗಾಲದಲ್ಲಿ ನಿಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತೆ ಅಂತ ಹೇಳಲು ಬರುವುದಿಲ್ಲ, ಹಳೇ ಲ್ಯಾಪ್‌ಟಾಪಿನ ಬ್ಯಾಟರಿಯೂ ಹೋಗಿರಬಹುದು. ಪ್ರತಿ ನೂರು ಹೆಜ್ಜೆಗೊಮ್ಮೆ ಉತ್ತರವನ್ನು ಫೈಲಿಗೆ ಬರೆದಿಡುವ ಹಾಗೆ, ಕರೆಂಟ್ ಬಂದ ಮೇಲೆ ಅಲ್ಲಿಂದಲೇ ಮುಂದುವರಿಸುವ ಹಾಗೆ ಪ್ರೋಗ್ರಾಮ್ ಮಾಡಿ. ದೊಡ್ಡ ಸೂಪರ್ ಕಂಪ್ಯೂಟರುಗಳಲ್ಲೂ ಹೀಗೇ ಮಾಡುತ್ತಾರೆ, ಚೆಕ್‌ಪಾಯಿಂಟ್ ಅನ್ನುತ್ತಾರೆ. ನಮ್ಮವರಿಗೆ ಅದನ್ನು ಎರಡನೇ ಸೆಮಿಸ್ಟರಿನಲ್ಲಿ ಕಲಿಸುತ್ತೇವೆ, ನಿಮಗೆ ಜೂನ್ ತಿಂಗಳ ಮೊದಲ ವಾರದಲ್ಲೇ ಬಂದಿರುತ್ತದೆ.